ಡಿಕ್ಕಿಯ ಬಾಗಿಲು ತೆರೆಯದ ಸೈಕಲ್ ರ‍್ಯಾಕ್ ಯಾರಿಗೆ ಬೇಕು?

ಸೈಕಲ್ ರ‍್ಯಾಕ್ (ಕಾರಿಗೆ ಕೂರಿಸಿ ಸೈಕಲ್ ಒಯ್ಯುವ ಚೌಕಟ್ಟು) ಕೊಳ್ಳಲು ಹೊರಟವರನ್ನು ಎಲ್ಲರೂ ಕೇಳುವ ಪ್ರಶ್ನೆ ಎರಡು: ಎಷ್ಟು ಸೈಕಲ್, ಯಾವ ಕಾರು. ಕ್ಯಾಂಪಿಂಗ್‌ಗೆ ಹೋಗುವವರನ್ನು ಕೇಳಬೇಕಾದ ಮೂರನೆಯ ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ. ಸೈಕಲ್‌ಗಳನ್ನು ಏರಿಸಿ ಕಟ್ಟಿದ ಮೇಲೆ ಡಿಕ್ಕಿಯ ಬಾಗಿಲು ತೆರೆಯುತ್ತದೆಯೇ? ತೆರೆಯದಿದ್ದರೆ ಏನಾಗುತ್ತದೆ ಎಂದು ತಿಳಿಯಲು ಒಂದು ಮಳೆ ಸಾಕು. ರೇನ್‌ಕೋಟ್‌ಗಳು ಡಿಕ್ಕಿಯಲ್ಲಿರುತ್ತವೆ, ನೀವು ರಸ್ತೆಯ ಬದಿಯಲ್ಲಿ ನೆನೆಯುತ್ತ ಮೂರು ಸೈಕಲ್ ಬಿಚ್ಚುತ್ತಿರುತ್ತೀರಿ.

ರ‍್ಯಾಕ್‌ಗಳನ್ನು ಹೆದ್ದಾರಿಯ ಮೇಲೆ ಓಡಿಸಿ ಅಳೆಯುವುದು ರೂಢಿ. ಅಲುಗಾಡಿತೇ, ಸದ್ದು ಮಾಡಿತೇ, ಎಷ್ಟು ಇಂಧನ ಕುಡಿಯಿತು. ಅದೆಲ್ಲ ಬೇಕಾದದ್ದೇ. ಆದರೆ ಬರೀ ಸೈಕಲ್ ಸಾಗಿಸುವವರ ಡಿಕ್ಕಿ ಖಾಲಿ ಇರುತ್ತದೆ. ಕ್ಯಾಂಪಿಂಗ್‌ಗೆ ಹೊರಟವರ ಡಿಕ್ಕಿಯಲ್ಲಿ ಡೇರೆ, ಒಲೆ, ಹಾಸಿಗೆ, ನೀರಿನ ಕ್ಯಾನ್, ಪಾತ್ರೆ ಎಲ್ಲವೂ ಇರುತ್ತವೆ. ದಾರಿಯಲ್ಲಿ ನಾಲ್ಕು ಸಲ ಅದನ್ನು ತೆರೆಯಬೇಕು, ತಂಗಿದ ಮೇಲೆ ಲೆಕ್ಕವೇ ಇಲ್ಲ. ಹಾಗಾಗಿ ನನ್ನ ಅಳತೆಗೋಲು ಬೇರೆ. ವಾಹನ ನಿಂತಾಗ ರ‍್ಯಾಕ್ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುತ್ತೇನೆ.

ಎಲ್ಲರೂ ಮೊದಲು ಕೈಹಾಕುವುದು ಅಗ್ಗದ ದಾರಿಗೆ, ಡಿಕ್ಕಿಯ ಬಾಗಿಲಿಗೇ ಪಟ್ಟಿ ಬಿಗಿದು ನಿಲ್ಲಿಸುವ ರ‍್ಯಾಕ್‌ಗೆ. ಅದರ ಪಟ್ಟಿಗಳ ತುದಿಯಲ್ಲಿ ರಬ್ಬರ್ ಹೊದಿಸಿದ ಕೊಕ್ಕೆಗಳಿರುತ್ತವೆ. ಅವು ಬಾಗಿಲಿನ ತಗಡಿನ ಅಂಚನ್ನು ಹಿಡಿಯಬೇಕೇ ಹೊರತು ಗಾಜಿನ ಅಂಚನ್ನಾಗಲಿ ಪ್ಲಾಸ್ಟಿಕ್ ಸ್ಪಾಯ್ಲರನ್ನಾಗಲಿ ಅಲ್ಲ. ಖಾಲಿ ರ‍್ಯಾಕನ್ನು ಎಷ್ಟೇ ಬಿಗಿದರೂ ಸೈಕಲ್ ಏರಿಸಿದೊಡನೆ ಬಾಗಿಲಿಗೆ ಒರಗುವ ಮೆತ್ತೆಗಳು ಕುಗ್ಗಿ ಪಟ್ಟಿ ಸಡಿಲವಾಗುತ್ತದೆ. ಆದ್ದರಿಂದ ಹತ್ತು ಹದಿನೈದು ಕಿ.ಮೀ. ಹೋದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಎಳೆಯಲೇಬೇಕು. ಇದನ್ನು ತಪ್ಪಿಸುವ ಉಪಾಯವಿಲ್ಲ. ಉಳಿದ ಪಟ್ಟಿಯ ತುದಿಯನ್ನು ಸುತ್ತಿ ಗಂಟು ಹಾಕದಿದ್ದರೆ ಅದು ದಾರಿಯುದ್ದಕ್ಕೂ ಬಣ್ಣದ ಮೇಲೆ ಪಟಪಟ ಬಡಿಯುತ್ತಿರುತ್ತದೆ. ಕೆಳಗೆ ತೂಗುವ ಚಕ್ರ ಸೈಲೆನ್ಸರ್ ಬಾಯಿಗೆ ನೇರವಾಗಿದ್ದರೆ ಬಿಸಿ ಹೊಗೆಗೆ ಟೈರ್ ಹಾಳಾಗುತ್ತದೆ. ಕಾರ್ಬನ್ ರಿಮ್ ಆದರೆ ಇನ್ನೂ ಕಷ್ಟ.

ಇನ್ನೊಂದು ಸಣ್ಣ ಪೀಡೆಯಿದೆ. ಒಂದರ ಪಕ್ಕ ಒಂದು ಸೈಕಲ್ ತೂಗುಹಾಕಿದಾಗ ಒಂದರ ಪೆಡಲ್ ಇನ್ನೊಂದರ ಫ್ರೇಮಿಗೆ ತಾಗುತ್ತದೆ. ಹೊರಡುವಾಗ ಬೆರಳು ತೂರುವಷ್ಟು ಜಾಗ ಇದ್ದೇ ಇರುತ್ತದೆ, ಅದನ್ನು ನಂಬಬೇಡಿ. ಚಕ್ರಗಳು ಗಾಳಿಗೆ ತಿರುಗುತ್ತವೆ, ರಸ್ತೆಯ ಕಂಪನಕ್ಕೆ ಎರಡೂ ಸೈಕಲ್ ಒಂದಕ್ಕೊಂದು ಒರಗುತ್ತವೆ, ಪೆಡಲಿನ ಹಲ್ಲು ಒಂದೇ ಜಾಗದಲ್ಲಿ ಉಜ್ಜುತ್ತ ಹೋಗುತ್ತದೆ. ಸಂಜೆ ಇಳಿಸಿ ನೋಡಿದರೆ ಬಣ್ಣ ಹೋಗಿ ಲೋಹ ಹೊಳೆಯುತ್ತಿರುತ್ತದೆ. ಕೊಳವೆಗೆ ಸುತ್ತುವ ಫೋಮ್ ತುಂಡೊಂದನ್ನು ಫ್ರೇಮಿಗೆ ಹಾಕಿ, ಚಕ್ರಗಳನ್ನು ಪಟ್ಟಿಯಿಂದ ಬಿಗಿದು, ಪೆಡಲ್ ಹಿಂದಕ್ಕೆ ತಿರುಗಿಸಿ ಕಟ್ಟಿದರೆ ಇಷ್ಟೂ ತಪ್ಪುತ್ತದೆ. ಇಷ್ಟೆಲ್ಲ ಮಾಡಿಯೂ ಡಿಕ್ಕಿ ತೆರೆಯುವುದಿಲ್ಲ ಎನ್ನುವುದು ಬೇರೆ ಮಾತು. ಒಂದು ಸೈಕಲ್, ಒಂದು ದಿನದ ಸುತ್ತಾಟ, ಊಟದ ಬುತ್ತಿ ಹಿಂದಿನ ಸೀಟಿನ ಮೇಲೆ: ಅಷ್ಟಕ್ಕೆ ಈ ರ‍್ಯಾಕ್ ಸರಿ.

ಇನ್ನು ಛಾವಣಿ. ಇಲ್ಲಿ ನಾನು ಜಗಳಕ್ಕೇ ನಿಲ್ಲುವವನು. ಛಾವಣಿಯ ಪಕ್ಷದವರ ವಾದ ಮೇಲ್ನೋಟಕ್ಕೆ ಗಟ್ಟಿ: ಡಿಕ್ಕಿ ಸಲೀಸಾಗಿ ತೆರೆಯುತ್ತದೆ, ಹಿಂದಿನ ದೀಪ ಮರೆಯಾಗುವುದಿಲ್ಲ, ಹಿಂದಿನಿಂದ ಯಾರಾದರೂ ಗುದ್ದಿದರೂ ಸೈಕಲ್ ಉಳಿಯುತ್ತದೆ. ಒಪ್ಪಿದೆ. ಈಗ ತೂಕ ಹಾಕೋಣ. ಕಾರು ಓಡುವಾಗ ಛಾವಣಿ ಹೊರಬಹುದಾದ ಭಾರವನ್ನು ಕೈಪಿಡಿಯಲ್ಲಿ ಬರೆದಿರುತ್ತಾರೆ. ಬಹುತೇಕ ಕಾರುಗಳಿಗೆ ಅದು 50ರಿಂದ 100 ಕೆ.ಜಿ. ನಡುವೆ. 75 ಎಂದುಕೊಳ್ಳಿ. ಅಡ್ಡಕಂಬಿಗಳಿಗೆ 5, ಸೈಕಲ್ ಕೂರುವ ಎರಡು ಟ್ರೇಗಳಿಗೆ 8, ತಲಾ 14 ಕೆ.ಜಿ.ಯ ಎರಡು ಸೈಕಲ್‌ಗಳಿಗೆ 28. ಅಲ್ಲಿಗೆ 41 ಆಯಿತು. ಉಳಿದ 34 ಕೆ.ಜಿ.ಯಲ್ಲಿ ಛಾವಣಿ ಡೇರೆ ಕೂರುವುದಿಲ್ಲ, ಏಕೆಂದರೆ ಅದೊಂದೇ 50 ಕೆ.ಜಿ. ದಾಟುವುದು ಸಾಮಾನ್ಯ. ರಾತ್ರಿ ಅದೇ ಛಾವಣಿಯ ಡೇರೆಯಲ್ಲಿ ಇಬ್ಬರು ಮಲಗುತ್ತಾರಲ್ಲ ಎಂದು ಕೇಳುವವರಿದ್ದಾರೆ. ನಿಂತ ಕಾರಿನ ಲೆಕ್ಕ ಬೇರೆ, ತಿರುವಿನಲ್ಲಿ ವಾಲುವ ಕಾರಿನ ಲೆಕ್ಕ ಬೇರೆ.

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100 ಕಿ.ಮೀ.ಗೆ ಹೋದರೆ ಅದು ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ, ಮತ್ತು ಆ ಗಾಳಿಗೆ ಎದೆಯೊಡ್ಡಿ ನಿಂತಿರುವುದು ನಿಮ್ಮ ಸೈಕಲ್. ಅದಕ್ಕಿಂತ ದೊಡ್ಡ ತೊಂದರೆ ಎತ್ತರ. ಸೈಕಲ್ ಹೊತ್ತ ಸಾಧಾರಣ ಕಾರು ಎರಡೂವರೆ ಮೀಟರ್ ಮುಟ್ಟುತ್ತದೆ. ಚಾಲಕನ ಕಣ್ಣಿಗೆ ಅದು ಕಾಣುವುದೇ ಇಲ್ಲ. ನೆಲಮಾಳಿಗೆಯ ಪಾರ್ಕಿಂಗ್, ಪೆಟ್ರೋಲ್ ಬಂಕಿನ ತಗ್ಗು ಸೂರು, ಕ್ಯಾಂಪಿನ ಬಾಗಿಲಲ್ಲೇ ಬಾಗಿದ ಮರದ ಕೊಂಬೆ, ಯಾವುದಾದರೊಂದು ಕಾದಿರುತ್ತದೆ. ಎತ್ತರವನ್ನು ಅಳೆದು, ಚೀಟಿಯಲ್ಲಿ ಬರೆದು ಸ್ಟೀರಿಂಗ್ ಬಳಿ ಅಂಟಿಸಿ. ಇಡೀ ದಿನ ಸೈಕಲ್ ತುಳಿದು ತೋಳು ಕಾಲು ಸೋತ ಮೇಲೆ ಅದನ್ನೇ ತಲೆಯ ಮೇಲೆತ್ತಿ ಕೂರಿಸಬೇಕಲ್ಲ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ನನ್ನ ಪ್ರಕಾರ ಛಾವಣಿ ಹಾಸಿಗೆ, ಬಟ್ಟೆಯಂಥ ಹಗುರ ಸಾಮಾನಿನ ಜಾಗ.

ಇಬ್ಬರೇ ಹೋಗುವುದಾದರೆ ಸೈಕಲ್ ವಾಹನದ ಒಳಗೇ ಇರಲಿ. ಮಳೆ, ಧೂಳು, ಕಳ್ಳರು ಮೂವರೂ ದೂರ. ಹಿಂದಿನ ಸೀಟು ಮಡಿಸಿ, ಮುಂಚಕ್ರ ಬಿಚ್ಚಿ, ಚೈನ್ ಇರುವ ಬದಿಯನ್ನು ಮೇಲೆ ಮಾಡಿ, ಹಳೆಯ ಕಂಬಳಿ ಹಾಸಿ ಮಲಗಿಸಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದವರು ಒಂದು ವಿಷಯ ನೆನಪಿಡಿ. ಚಕ್ರ ತೆಗೆದ ಮೇಲೆ ಬ್ರೇಕ್ ಹಿಡಿ ಅಪ್ಪಿತಪ್ಪಿ ಒತ್ತಿಹೋದರೆ, ನಡುವೆ ಡಿಸ್ಕ್ ಇಲ್ಲದ ಕಾರಣ ಪ್ಯಾಡುಗಳು ಎರಡೂ ಕಡೆಯಿಂದ ಬಂದು ಕೂಡಿಕೊಳ್ಳುತ್ತವೆ. ಕ್ಯಾಂಪಿನಲ್ಲಿ ಡಿಸ್ಕ್ ಒಳಹೋಗುವುದೇ ಇಲ್ಲ. ದಪ್ಪ ರಟ್ಟಿನ ತುಂಡೊಂದನ್ನು ಮಡಿಸಿ ಪ್ಯಾಡುಗಳ ನಡುವೆ ಸಿಕ್ಕಿಸಿಟ್ಟರೆ ತೀರಿತು.

ವ್ಯಾನ್ ಇದ್ದವರು ಮಲಗಿಸುವ ಗೋಜಿಗೇ ಹೋಗಬಾರದು. ಒಂದು ಹಲಗೆಗೆ ಫೋರ್ಕ್ (ಮುಂಚಕ್ರ ಕೂರುವ ಕವಲು) ಹಿಡಿಯುವ ಕ್ಲ್ಯಾಂಪ್‌ಗಳನ್ನು ಸ್ಕ್ರೂ ಹಾಕಿ ಕೂರಿಸಿ, ಹಲಗೆಯನ್ನು ನೆಲದ ಕೊಂಡಿಗಳಿಗೆ ಬಿಗಿದು, ಸೈಕಲ್‌ಗಳನ್ನು ನಿಲ್ಲಿಸಿಯೇ ಒಯ್ಯಿರಿ. ಒಂದರ ಮುಖ ಮುಂದಕ್ಕೆ, ಇನ್ನೊಂದರದು ಹಿಂದಕ್ಕೆ ಇಟ್ಟರೆ ಹ್ಯಾಂಡಲ್‌ಗಳು ಗುದ್ದಾಡುವುದಿಲ್ಲ, ಪಕ್ಕದಲ್ಲಿ ಸಾಮಾನಿಗೆ ಓಣಿಯಷ್ಟು ಜಾಗವೂ ಉಳಿಯುತ್ತದೆ. ಕಾರಾಗಲಿ ವ್ಯಾನಾಗಲಿ, ಕಟ್ಟುವುದನ್ನು ಮಾತ್ರ ಮರೆಯಬೇಡಿ. 50 ಕಿ.ಮೀ. ವೇಗದಲ್ಲಿದ್ದ ಕಾರು ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 14 ಕೆ.ಜಿ.ಯ ಸೈಕಲ್ ಸುಮಾರು 200 ಕೆ.ಜಿ.ಯ ಒತ್ತಡದಿಂದ ಮುಂದಿನ ಸೀಟಿನವರ ಬೆನ್ನಿಗೆ ಬರುತ್ತದೆ.

ಮೂರು ನಾಲ್ಕು ಜನರ ಸಂಸಾರಕ್ಕೆ ನಾನು ಹೇಳುವುದು ಒಂದೇ: ಟೋ ಬಾರ್, ಅಂದರೆ ಟ್ರೇಲರ್ ಎಳೆಯುವ ಕೊಂಡಿಗೆ ಕೂರುವ ವೇದಿಕೆ ರ‍್ಯಾಕ್. ಸೈಕಲ್ ಎತ್ತಬೇಕಾದದ್ದು ಮೊಣಕಾಲಿನೆತ್ತರಕ್ಕೆ. ಚಕ್ರಗಳು ತೊಟ್ಟಿಲಿನಂಥ ಟ್ರೇಯಲ್ಲಿ ಕೂರುತ್ತವೆ, ಆದ್ದರಿಂದ ಫ್ರೇಮ್ ಯಾವ ಆಕಾರದ್ದಾದರೂ ನಡೆಯುತ್ತದೆ, ಮಕ್ಕಳ ಸೈಕಲ್ಲಿಗೂ ಜಾಗವಿದೆ. ಮುಖ್ಯವಾಗಿ, ರ‍್ಯಾಕ್‌ನಲ್ಲೇ ಇರುವ ಪೆಡಲನ್ನು ಕಾಲಿನಿಂದ ಒತ್ತಿದರೆ ಸೈಕಲ್ ಸಮೇತ ಹಿಂದಕ್ಕೆ ಬಾಗಿ ಡಿಕ್ಕಿ ತೆರೆಯಲು ಬಿಡುವ ಮಾದರಿಗಳಿವೆ. ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಕೊಳ್ಳುವ ಮೊದಲು ಸೈಕಲ್ ಹೊತ್ತೇ ಬಾಗಿಸಿ ನೋಡಿ, ಉದ್ದನೆಯ ಬಾಗಿಲು ಹ್ಯಾಂಡಲ್‌ಗೆ ತಾಗುವುದುಂಟು. ಬಟನ್ ಒತ್ತಿದರೆ ತಾನೇ ಏಳುವ ಬಾಗಿಲಾದರೆ ಆ ವ್ಯವಸ್ಥೆಯನ್ನು ಆರಿಸಿಡಿ, ಅದಕ್ಕೆ ಹಿಂದೆ ಸೈಕಲ್ ಇದೆಯೆಂಬ ಪರಿವೆ ಇರುವುದಿಲ್ಲ. ನಂಬರ್ ಪ್ಲೇಟ್, ದೀಪ ಮರೆಯಾದರೆ ಅನೇಕ ದೇಶಗಳಲ್ಲಿ ದಂಡ, ಹಾಗಾಗಿ ಎರಡನ್ನೂ ಹಿಂದಿನವರಿಗೆ ತೋರಿಸಲು ಸೈಕಲ್‌ಗಳ ಹಿಂದೆ ಕಟ್ಟುವ ದೀಪದ ಹಲಗೆ ಬೇಕು.

ಇ-ಬೈಕ್, ಅಂದರೆ ಬ್ಯಾಟರಿ ಸೈಕಲ್ ಇದ್ದವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ, ಆದರೆ ತೂಕ ಕೂಡುವ ಕೆಲಸ ಇಲ್ಲೂ ಇದೆ. ಕೊಂಡಿಯ ಮೇಲೆ ನೇರವಾಗಿ ಬೀಳಬಹುದಾದ ಭಾರಕ್ಕೆ ಮಿತಿಯುಂಟು. ಅದು 75 ಕೆ.ಜಿ. ಆಗಿದ್ದು ರ‍್ಯಾಕ್ 20 ಕೆ.ಜಿ. ತೂಗಿದರೆ, ತಲಾ 25 ಕೆ.ಜಿ.ಯ ಎರಡು ಇ-ಬೈಕ್‌ಗಳೊಂದಿಗೆ 70 ಆಗುತ್ತದೆ. ಮೂರನೆಯದಕ್ಕೆ ಜಾಗವಿದ್ದರೂ ಅದರ ಭಾರಕ್ಕೆ ಅವಕಾಶವಿಲ್ಲ. ಬ್ಯಾಟರಿಗಳನ್ನು ಕಳಚಿ ಕಾರಿನೊಳಗೆ ಇಡಿ.

ಟ್ರೇಲರ್ ಮನೆ ಎಳೆಯುವವರು ಅದರ ಹಿಂತುದಿಗೆ ಇದೇ ರ‍್ಯಾಕ್ ಸಿಕ್ಕಿಸುವುದನ್ನು ನೋಡಿದ್ದೇನೆ. ಚಕ್ರದ ಅಚ್ಚಿನಿಂದ ಅಷ್ಟು ಹಿಂದೆ ಭಾರ ಕೂತರೆ ಮುಂಭಾಗ ಹಗುರವಾಗಿ ಟ್ರೇಲರ್ ಹಾವಿನಂತೆ ಅತ್ತಿತ್ತ ಹೊರಳಲು ತೊಡಗುತ್ತದೆ. ಸಾಲದ್ದಕ್ಕೆ ಆ ತುದಿ ಪ್ರತಿ ಉಬ್ಬಿಗೂ ಕಾರಿಗಿಂತ ಹೆಚ್ಚು ಕುಣಿಯುತ್ತದೆ. ಅದಕ್ಕೆಂದೇ ಮಾಡಿದ್ದು ಎಂದು ತಯಾರಕರು ಹೇಳದ ರ‍್ಯಾಕ್ ಅಲ್ಲಿ ಬೇಡ.

ಮಳೆಗೆ ಸೈಕಲ್‌ಗೆ ಹೊದಿಕೆ ಹಾಕಬೇಕೇ ಎಂದು ಪದೇಪದೇ ಕೇಳುತ್ತೀರಿ. ಹಿಂದೆ ತೂಗುವ ಸೈಕಲ್‌ಗಳಿಗೆ ಟಾರ್ಪಾಲಿನ್ ಸುತ್ತಿ ಓಡಿಸಿದರೆ ಅದು ಗಾಳಿ ತುಂಬಿಕೊಂಡು ರ‍್ಯಾಕನ್ನೇ ಕೀಳಲು ನೋಡುತ್ತದೆ. ಸೀಟಿಗೊಂದು ಪ್ಲಾಸ್ಟಿಕ್ ಚೀಲ ಕಟ್ಟಿ, ಬಾಟಲಿ, ಪಂಪ್, ಮಗುವಿನ ಸೀಟು ಕಳಚಿ ಒಳಗಿಡಿ. ಉಳಿದದ್ದು ನೆನೆದರೆ ನೆನೆಯಲಿ, ಕ್ಯಾಂಪ್ ಮುಟ್ಟಿ ಚೈನ್ ಒರೆಸಿ ಎರಡು ಹನಿ ಎಣ್ಣೆ ಬಿಟ್ಟರಾಯಿತು.