ಕಾಗದದಿಂದ ಎದ್ದು ಬಂದವರು

ಎಲ್ಲರಿಗೂ ನಮಸ್ಕಾರ.

ನನ್ನ ಪರಿಚಯ ಮಾಡಿಕೊಟ್ಟವರು ಪ್ರೀತಿಯಿಂದ ನಾಲ್ಕು ಮಾತು ಆಡಿದರು. ಆದರೆ ನಡುವೆ "ಇವತ್ತು ಮಕ್ಕಳ ಸಿನಿಮಾ ಬಗ್ಗೆ" ಅಂದುಬಿಟ್ಟರು. ಹಾಗಾಗಿ ನಾನು ಜಗಳದಿಂದಲೇ ಶುರು ಮಾಡಬೇಕು. ನೀವು ಈಗ ತಾನೇ ನೋಡಿದ ಮೂರು ಕಾರ್ಟೂನ್ ಚಿತ್ರಗಳಿವೆಯಲ್ಲ, 1911ರ ಲಿಟಲ್ ನೀಮೊ, 1916ರ ಕ್ರೇಜಿ ಕ್ಯಾಟ್, 1933ರ ಪಾಪಾಯ್, ಇವು ಯಾವುದೂ ಬರೀ ಮಕ್ಕಳಿಗೆ ಅಂತ ಮಾಡಿದ್ದಲ್ಲ. ಪತ್ರಿಕೆಯಲ್ಲಿ ಕೆಲಸ ಮಾಡುವವರು, ಪತ್ರಿಕೆ ಕೊಂಡು ಓದುವವರಿಗಾಗಿ ಮಾಡಿದ್ದು. ಅಪ್ಪ ಬೆಳಗ್ಗೆ ಓದಿ ನಕ್ಕ ಕಾಮಿಕ್ ಸ್ಟ್ರಿಪ್, ಅಂದರೆ ಚೌಕ ಚೌಕವಾಗಿ ಬರುವ ಚಿತ್ರಕತೆ, ಸಂಜೆ ಥಿಯೇಟರಿನಲ್ಲಿ ಓಡಾಡ್ತಾ ಇತ್ತು. ಮಕ್ಕಳು ಬಂದರೆ ಬೇಡ ಅನ್ನಲಿಲ್ಲ, ಅಷ್ಟೇ. ನಮ್ಮಲ್ಲಿ 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಬಂದಿತು. ಪಾಪಾಯ್ ಅದರಲ್ಲಿ ಬಂದಿದ್ದಕ್ಕೆ ಅವನು ಮಕ್ಕಳ ಪಾಲಾದ. ಅವನ ತಪ್ಪೇನೂ ಇಲ್ಲ ಪಾಪ.

ನನ್ನ ವಾದ ಒಂದೇ. ಅದನ್ನ ಇವತ್ತು ಎಷ್ಟು ಸಲ ಹೇಳ್ತೀನೋ ಗೊತ್ತಿಲ್ಲ, ಸಹಿಸಿಕೊಳ್ಳಿ. ಈ ಚಿತ್ರಗಳು ತಾವು ಕಾಗದ ಅನ್ನೋದನ್ನ ಮುಚ್ಚಿಡೋದಿಲ್ಲ. ಅವುಗಳ ತಮಾಷೆ, ಅವುಗಳ ಚೆಲುವು, ಎರಡೂ ಅಲ್ಲಿಂದಲೇ ಬರುತ್ತವೆ.

ನೀಮೊ ತೆಗೆದುಕೊಳ್ಳಿ. ವಿನ್ಸರ್ ಮೆಕೇ ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯಲ್ಲಿ 1905ರಿಂದ ಈ ಸ್ಟ್ರಿಪ್ ಬರೆಯುತ್ತಿದ್ದರು. ಹುಡುಗನೊಬ್ಬ ಪ್ರತಿ ವಾರ ಕನಸು ಕಾಣುತ್ತಾನೆ, ಕೊನೆಯ ಚೌಕದಲ್ಲಿ ಎಚ್ಚರವಾಗುತ್ತಾನೆ. ಅದನ್ನು ಸಿನಿಮಾ ಮಾಡಲು ಹೊರಟಾಗ ಮೆಕೇ ಒಂದು ನಾಟಕ ಹೂಡಿದರು. ಶುರುವಿನಲ್ಲಿ ನೋಡಿದಿರಲ್ಲ, ಗೆಳೆಯರೆಲ್ಲ ಕೂತಿದ್ದಾರೆ. ಇವರು ಎದ್ದು "ಒಂದು ತಿಂಗಳಲ್ಲಿ ನಾಲ್ಕು ಸಾವಿರ ಚಿತ್ರ ಬರೀತೀನಿ, ಅವು ಚಲಿಸುತ್ತವೆ" ಅಂತಾರೆ. ಗೆಳೆಯರು ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ಏನಾಯಿತು? ಪೀಪಾಯಿಗಟ್ಟಲೆ ಶಾಯಿ ಬಂತು! ಇಬ್ಬರು ಮೂವರು ಆಳುಗಳು ಕಾಗದದ ಕಟ್ಟು ಹೊತ್ತು ತರುತ್ತಾರೆ. ಮದುವೆ ಮನೆಗೆ ಅಕ್ಕಿ ಮೂಟೆ ಇಳಿಸಿದ ಹಾಗೆ. ಇದೆಲ್ಲ ಶುದ್ಧ ಬಡಾಯಿ. ಆದರೆ ನಾಲ್ಕು ಸಾವಿರದ ಲೆಕ್ಕ ಬಡಾಯಿ ಅಲ್ಲ. ತೆಳ್ಳನೆಯ ರೈಸ್ ಪೇಪರ್ ಮೇಲೆ ಅಷ್ಟನ್ನೂ ಅವರೇ ಬರೆದರು. ಸಾಲದು ಅಂತ ಫಿಲ್ಮಿನ ಒಂದೊಂದು ಫ್ರೇಮಿಗೂ ಕೈಯಿಂದ ಬಣ್ಣ ಹಚ್ಚಿದರು.

ಇಷ್ಟೆಲ್ಲ ಒದ್ದಾಡಿ ಮಾಡಿದ ಚಿತ್ರದಲ್ಲಿ ಕತೆ ಏನು? ಏನೂ ಇಲ್ಲ! ಚುಟ್ಟಾ ಸೇದುವ ಫ್ಲಿಪ್ ಬರುತ್ತಾನೆ. ಅವನ ತಲೆ ಮೇಲೆ "ನಾನು ಚಲಿಸೋದನ್ನ ನೋಡಿ" ಅಂತ ಬರಹ ಇದೆ. ಅಷ್ಟೇ ಕತೆ. ಹಿಂದೆ ಗೋಡೆ ಇಲ್ಲ, ಕೆಳಗೆ ನೆಲ ಇಲ್ಲ, ಬಿಳಿ ಹಾಳೆ ಮಾತ್ರ. ನೀಮೊ ಗೆರೆ ಗೆರೆಯಾಗಿ ಕೂಡಿಕೊಂಡು ಹುಟ್ಟುತ್ತಾನೆ. ಕೈ ಬೀಸಿದರೆ ಫ್ಲಿಪ್ ಮತ್ತು ಅವನ ಜೊತೆಗಾರ ಉದ್ದವಾಗುತ್ತಾರೆ, ಅಡ್ಡವಾಗುತ್ತಾರೆ, ಜಾತ್ರೆಯ ಸೊಟ್ಟ ಕನ್ನಡಿಯಲ್ಲಿ ಕಂಡಂತೆ. ಆಮೇಲೆ ನೀಮೊ ತಾನೇ ಗೆರೆ ಎಳೆದು ರಾಜಕುಮಾರಿಯನ್ನು ಬರೆಯುತ್ತಾನೆ. ನೆನಪಿಡಿ, ಬರೆಸಿಕೊಂಡವನೇ ಬರೆಯಲು ನಿಲ್ಲುತ್ತಾನೆ! ಅವಳಿಗೆ ಗುಲಾಬಿ ಕೊಡುತ್ತಾನೆ. ಡ್ರ್ಯಾಗನ್ನಿನ ಬಾಯೊಳಗಿನ ಆಸನದಲ್ಲಿ ಇಬ್ಬರೂ ಕೂತು ಹೊರಟೇ ಹೋಗುತ್ತಾರೆ. ಡ್ರ್ಯಾಗನ್ ಬಾಯಲ್ಲಿ ಕೂತವರ ಮುಖದಲ್ಲಿ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕ ನೆಮ್ಮದಿ!

ಒಂದು ಮಾತು ಹೇಳದೆ ಮುಂದೆ ಹೋಗೋದು ಸರಿಯಲ್ಲ. ಫ್ಲಿಪ್‌ನ ಜೊತೆಗಿರುವ ಇಂಪ್ ಅನ್ನುವ ಪಾತ್ರ ಕಪ್ಪು ಜನರನ್ನು ಆ ಕಾಲದವರು ಹೇಗೆ ಗೇಲಿ ಮಾಡುತ್ತಿದ್ದರೋ ಹಾಗೇ ಬರೆದದ್ದು. ಅದನ್ನ ನೋಡಿ ನಗು ಬರೋದಿಲ್ಲ, ಬರಬೇಕಾಗಿಯೂ ಇಲ್ಲ. ಮೆಕೇ ದೊಡ್ಡ ಕಲಾವಿದ ಅನ್ನೋದು ಅದಕ್ಕೇನೂ ಸಮಜಾಯಿಷಿ ಆಗೋದಿಲ್ಲ.

ನೀಮೊ ಚಿತ್ರದ ಶುರುವಿನಲ್ಲಿ ನಗ್ತಾ ಕೂತ ಗೆಳೆಯರಲ್ಲಿ ಒಬ್ಬರು ಜಾರ್ಜ್ ಮೆಕ್‌ಮಾನಸ್. ಅವರೂ ಸ್ಟ್ರಿಪ್ ಬರೆಯುವವರೇ. ಮಜಾ ನೋಡಿ, ಎರಡೇ ವರ್ಷಕ್ಕೆ, 1913ರಲ್ಲಿ, ಅವರದೇ ಸ್ಟ್ರಿಪ್ ಅನಿಮೇಷನ್ ಸರಣಿ ಆಯಿತು. 'ದಿ ನ್ಯೂಲಿವೆಡ್ಸ್', ಹೊಸ ಗಂಡ ಹೆಂಡತಿ ಮತ್ತು ಅವರ ಹಟಮಾರಿ ಕೂಸಿನ ಕತೆ. ಮಾಡಿದವರು ಫ್ರಾನ್ಸಿನಿಂದ ಬಂದ ಎಮಿಲ್ ಕೋಲ್. ಅವುಗಳಲ್ಲಿ ಹೆಚ್ಚಿನವು ಉಳಿದಿಲ್ಲ.

ಈ ಹಂತದಲ್ಲಿ ದುಡ್ಡಿನವರು ಬಂದರು. ಪತ್ರಿಕೆಗಳ ದೊರೆ ಹರ್ಸ್ಟ್ ಲೆಕ್ಕ ಹಾಕಿದರು: ಸ್ಟ್ರಿಪ್‌ಗಳು ನನ್ನವು, ಪಾತ್ರಗಳು ನನ್ನವು, ಸಿನಿಮಾ ಬೇರೆಯವರು ಯಾಕೆ ಮಾಡಬೇಕು? ಕಂಪನಿ ಕಟ್ಟಿದರು. ವಾರ್ತಾಚಿತ್ರದ ಬಾಲಕ್ಕೆ ಕಾರ್ಟೂನ್ ಅಂಟಿಸಿ ಕಳಿಸಿದರು. ಕ್ರೇಜಿ ಕ್ಯಾಟ್ ಅಲ್ಲಿಂದ ಬಂದದ್ದು. ನಿಮ್ಮಲ್ಲಿ ಕೆಲವರು ಅದನ್ನ ನೋಡುವಾಗ ಆಕಳಿಸಿದ್ದನ್ನ ನಾನು ಕಂಡೆ. ಬೇಜಾರಿಲ್ಲ. ನನಗೂ ಅದು ಅಷ್ಟು ಹಿಡಿಸೋದಿಲ್ಲ. ಜಾರ್ಜ್ ಹೆರಿಮನ್ ಬರೆದ ಮೂಲ ಸ್ಟ್ರಿಪ್‌ನಲ್ಲಿ ಇಲಿ ಬೆಕ್ಕಿಗೆ ಇಟ್ಟಿಗೆ ಎಸೆಯುತ್ತದೆ, ಬೆಕ್ಕು ಅದನ್ನು ಪ್ರೀತಿ ಅಂದುಕೊಳ್ಳುತ್ತದೆ. ಪಾತ್ರಗಳು ನಿಂತಲ್ಲೇ ನಿಂತಿರುತ್ತವೆ. ಆದರೆ ಒಂದು ಚೌಕದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಿಂದಿನ ಬೆಟ್ಟ ಮರವಾಗಿರುತ್ತದೆ. ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ಅದು ಕಾಗದದ ಮೇಲಿನ ನಗು. ಸಿನಿಮಾದವರು ಬೆಕ್ಕನ್ನು ತಂದರು, ಇಟ್ಟಿಗೆಯನ್ನೂ ತಂದರು, ಬೆಟ್ಟವನ್ನು ಮಾತ್ರ ಅಲ್ಲೇ ಬಿಟ್ಟು ಬಂದರು. ಆಮೇಲೆ ಬೇರೆ ಕಂಪನಿಗಳ ಕೈಗೆ ಹೋದಾಗ ಆ ಬೆಕ್ಕು ಮೊದಲು ಫೀಲಿಕ್ಸ್ ಅನ್ನುವ ಇನ್ನೊಂದು ಕಾರ್ಟೂನ್ ಬೆಕ್ಕಿನಂತೆ, ಆಮೇಲೆ ಮಿಕ್ಕಿ ಮೌಸ್‌ನಂತೆ ಕಾಣತೊಡಗಿತು. ಮುಖವೂ ಉಳಿಯಲಿಲ್ಲ.

ಆದರೂ ಆ ಮೂಕಿ ಚಿತ್ರಗಳಲ್ಲಿ ನನಗೆ ಇಷ್ಟವಾಗುವ ಒಂದು ಸಂಗತಿ ಇದೆ. ಪಾತ್ರ ಮಾತಾಡಬೇಕಾದಾಗ ಬಾಯಿಂದ ಗುಳ್ಳೆ ಬರುತ್ತದೆ, ಪತ್ರಿಕೆಯಲ್ಲಿ ಬರುವ ಹಾಗೇ. ಒಳಗೆ ಅಕ್ಷರ. ನೀವು ಓದಿ ಮುಗಿಸುವ ತನಕ ಎದುರಿನವರು ಸುಮ್ನೆ ನಿಂತಿರುತ್ತಾರೆ. ಪ್ರೇಕ್ಷಕರ ಓದು ಮುಗಿಯಲಿ ಅಂತ ಕಾಯುವ ಇಂಥ ಸೌಜನ್ಯದ ಇಲಿ ಬೆಕ್ಕುಗಳು ಮತ್ತೆ ಹುಟ್ಟಲಿಲ್ಲ! ಕಾಗದವನ್ನು ಮುಚ್ಚಿಡೋದಿಲ್ಲ ಅಂದೆನಲ್ಲ, ಅದೇ ಇದು.

ಮಟ್ ಮತ್ತು ಜೆಫ್ ಬಗ್ಗೆ ಜಾಸ್ತಿ ಹೇಳಬೇಕು ಅಂತಿದ್ದೆ. ಉದ್ದನೆಯವನೊಬ್ಬ, ಗಿಡ್ಡನೆಯವನೊಬ್ಬ. ಬಡ್ ಫಿಷರ್ 1907ರಲ್ಲಿ ಶುರು ಮಾಡಿದ ಸ್ಟ್ರಿಪ್. ಫಿಷರ್ ಜಾಣ, ಹಕ್ಕನ್ನು ತನ್ನ ಹೆಸರಲ್ಲೇ ಇಟ್ಟುಕೊಂಡಿದ್ದ. 1916ರಿಂದ ರೌಲ್ ಬಾರೆ, ಚಾರ್ಲ್ಸ್ ಬವರ್ಸ್ ಎಂಬವರು ಅದನ್ನು ವಾರ ವಾರ ಸಿನಿಮಾ ಮಾಡಿದರು. ದುಡಿದವರು ಅವರು, ಪರದೆ ಮೇಲೆ ಹೆಸರು ಫಿಷರ್‌ದು. ಹಾಳೆಗೆ ತೂತು ಕೊರೆದು ಗೂಟಕ್ಕೆ ಸಿಕ್ಕಿಸಿ, ಚಿತ್ರ ಅಲುಗಾಡದ ಹಾಗೆ ಮಾಡುವ ಪದ್ಧತಿ ತಂದವರು ಇದೇ ಬಾರೆ. ಅನಿಮೇಷನ್ ಕಲಿಯುವ ಮಕ್ಕಳು ಇಲ್ಲಿ ಕೆಲವರಿದ್ದೀರಿ, ನಿಮಗೆ ಆ ಗೂಟ ಗೊತ್ತಿರುತ್ತದೆ, ಅಲ್ವಾ?

ಹತ್ತು ನಿಮಿಷ ಉಳಿದಿದೆ ಅಂತ ಚೀಟಿ ಬಂದಿದೆ. ಪಾಪಾಯ್‌ಗೆ ಬರ್ತೀನಿ.

ಸೀಗರ್ ಅವರ 'ತಿಂಬಲ್ ಥಿಯೇಟರ್' ಸ್ಟ್ರಿಪ್ 1919ರಿಂದ ಇತ್ತು. ಆಲಿವ್ ಆಯಿಲ್ ಇದ್ದಳು, ಅವಳ ಅಣ್ಣ ಇದ್ದ, ಅವಳಿಗೆ ಬೇರೊಬ್ಬ ಗೆಳೆಯನೂ ಇದ್ದ. ಹತ್ತು ವರ್ಷ ಆದಮೇಲೆ, 1929ರ ಜನವರಿಯಲ್ಲಿ, ಹಡಗಿಗೆ ಆಳು ಬೇಕು ಅಂತ ಅಣ್ಣ ದಡದಲ್ಲಿ ನಿಂತಿದ್ದ ಒಬ್ಬನನ್ನ "ನೀನು ನಾವಿಕನಾ?" ಅಂತ ಕೇಳುತ್ತಾನೆ. ಅವನು "ಮತ್ತೆ? ದನ ಕಾಯೋನು ಅಂದ್ಕೊಂಡ್ಯಾ?" ಅನ್ನುತ್ತಾನೆ. ಮುಗೀತು. ಬಂದವನು ಇಡೀ ಸ್ಟ್ರಿಪ್ಪನ್ನೇ ನುಂಗಿದ, ಆಲಿವ್‌ಳನ್ನೂ ಗಿಟ್ಟಿಸಿಕೊಂಡ.

1933ರಲ್ಲಿ ಫ್ಲೈಶರ್ ಸೋದರರು ಅವನನ್ನ ಸಿನಿಮಾಕ್ಕೆ ತಂದರು. ಮೊದಲ ಚಿತ್ರ ಶುರುವಾಗೋದು ಹೇಗೆ, ಈಗ ನೋಡಿದಿರಿ. ಪತ್ರಿಕೆಯಲ್ಲಿ ಸುದ್ದಿ: ಪಾಪಾಯ್ ಸಿನಿಮಾ ನಟನಾದ! ಸುದ್ದಿಯ ಜೊತೆಗಿರುವ ಚಿತ್ರ ಜೀವ ತಳೆದು ಹಾಡಲು ಶುರು ಮಾಡುತ್ತದೆ. ನನ್ನ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಆಮೇಲೆ ಹಡಗಿನ ಕಂಬಕ್ಕೆ ಗುದ್ದುತ್ತಾನೆ, ಅದು ಬಟ್ಟೆ ಒಣಗಿಸುವ ಕ್ಲಿಪ್ಪುಗಳಾಗಿ ಉದುರುತ್ತದೆ. ಮರ ಹಾಗೆ ಒಡೆಯೋದಿಲ್ಲ. ಗೆರೆ ಒಡೆಯುತ್ತದೆ. ಖಳ ಬ್ಲೂಟೊ ಆಲಿವ್‌ಳನ್ನು ರೈಲು ಹಳಿಗೆ ಕಟ್ಟುತ್ತಾನೆ. ಹಗ್ಗದಿಂದಲ್ಲ, ಹಳಿಯನ್ನೇ ಬಗ್ಗಿಸಿ!

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಪಾಪಾಯ್‌ನ ಗೊಣಗಾಟ. ಆ ಸ್ಟುಡಿಯೋದಲ್ಲಿ ಮೊದಲು ಚಿತ್ರ ಬರೆದು, ಆಮೇಲೆ ದನಿ ಕೊಡುವ ರೂಢಿ. ಹಾಲಿವುಡ್ಡಿನಲ್ಲಿ ಡಿಸ್ನಿಯವರದು ಇದರ ಉಲ್ಟಾ. ಹಾಗಾಗಿ ಪಾಪಾಯ್ ಬಾಯಿ ಅಲುಗಾಡದೇ ಇದ್ದಾಗಲೂ ದನಿ ಕೊಡುವವರು ಏನಾದರೂ ವಟಗುಟ್ಟಬಹುದಿತ್ತು. 1935ರಿಂದ ಈ ಕೆಲಸ ಮಾಡಿದವರು ಜ್ಯಾಕ್ ಮರ್ಸರ್. ಅದೇ ಸ್ಟುಡಿಯೋದಲ್ಲಿ ಚಿತ್ರ ಬರೆಯುವ ಕೆಲಸಕ್ಕಿದ್ದವರು. ಹೊಡೆದಾಟದ ಮಧ್ಯೆ, ನಡೆಯುತ್ತಾ, ತಿನ್ನುತ್ತಾ, ಪಾಪಾಯ್ ತನಗೆ ತಾನೇ ಏನೋ ಅಂದುಕೊಳ್ಳುತ್ತಾನೆ. ಅರ್ಧ ಕೇಳಿಸುತ್ತದೆ, ಅರ್ಧ ಕೇಳಿಸೋದಿಲ್ಲ. ಎರಡನೇ ಸಲ ನೋಡುವಾಗ ಗುದ್ದಾಟ ಬಿಟ್ಟು ಅದನ್ನೇ ಕೇಳಿ. ಇನ್ನೊಂದು: ಸ್ಟುಡಿಯೋ ಮಯಾಮಿಗೆ ಹೋದಮೇಲೆ ಆಲಿವ್‌ಗೆ ದನಿ ಕೊಟ್ಟವರು ಮಾರ್ಜಿ ಹೈನ್ಸ್. 1939ರಲ್ಲಿ ಮರ್ಸರ್ ಅವರನ್ನೇ ಮದುವೆಯಾದರು. ಪರದೆ ಮೇಲೆ ಬಗೆಹರಿಯದ್ದು ದನಿಗಳ ನಡುವೆ ಬಗೆಹರಿಯಿತು!

ಪಾಪಾಯ್‌ಗೆ ಶಕ್ತಿ ಕೊಡುವ ಪಾಲಕ್ ಬಗ್ಗೆ ಮಾತಾಡೋಣ ಅಂತಿದ್ದೆ, ಟೈಮಿಲ್ಲ. ಇಷ್ಟು ಹೇಳ್ತೀನಿ: ಸ್ಟ್ರಿಪ್‌ನಲ್ಲಿ ಅವನಿಗೆ ಮೊದಲು ಶಕ್ತಿ ಬಂದದ್ದು ಒಂದು ಮಾಯದ ಕೋಳಿಯ ತಲೆ ಸವರಿ. ಪ್ರತಿ ಸಲ ಡಬ್ಬಿ ಒಡೆದು ಸೊಪ್ಪು ತಿನ್ನುವ ಪದ್ಧತಿಯನ್ನ ಗಟ್ಟಿ ಮಾಡಿದ್ದು ಸಿನಿಮಾ. ಬ್ಲೂಟೊ ಕೂಡ ಹಾಗೇ. ಸ್ಟ್ರಿಪ್‌ನಲ್ಲಿ ಒಂದು ಕತೆಗೆ ಬಂದು ಹೋದವನು, ಸಿನಿಮಾದಲ್ಲಿ ಕಾಯಂ ಆದ. ಫೀಲಿಕ್ಸ್ ಬೆಕ್ಕಿನದು ತಿರುಗಾ ಪ್ರಯಾಣ, ಸಿನಿಮಾದಿಂದ ಪತ್ರಿಕೆಗೆ. ಅದು ಇನ್ನೊಂದು ದಿನಕ್ಕೆ.

ಈಗ ಅಧ್ಯಕ್ಷರು ಗಡಿಯಾರ ನೋಡ್ತಿದ್ದಾರೆ. ಕೊನೆಗೆ 1936ರ ಪಾಪಾಯ್ ಮತ್ತು ಸಿಂದಬಾದ್ ಚಿತ್ರ ಹಾಕ್ತಾರೆ, ಬಣ್ಣದ್ದು, 16 ನಿಮಿಷ. ಅದರ ಕೆಲವು ದೃಶ್ಯಗಳಲ್ಲಿ ಹಿಂದೆ ಕಾಣುವ ಗುಹೆ, ಬಂಡೆ ನಿಜವಾಗಿ ಕಟ್ಟಿದ ಮಾದರಿಗಳು. ತಿರುಗುವ ಮೇಜಿನ ಮೇಲಿಟ್ಟು, ಮುಂದೆ ಚಿತ್ರದ ಹಾಳೆ ನಿಲ್ಲಿಸಿ ತೆಗೆದದ್ದು. ಚಪ್ಪಟೆ ಮನುಷ್ಯ ನಿಜವಾದ ಬಂಡೆಯ ಮುಂದೆ ಯಾವ ಸಂಕೋಚವೂ ಇಲ್ಲದೆ ನಡೆದು ಹೋಗುತ್ತಾನೆ. ಇಬ್ಬರ ಜಗಳ ಜೋರಾಗಿ ನಡೆದಿರುವಾಗ ಪಾಪಾಯ್‌ನ ಹೊಟ್ಟೆಬಾಕ ಗೆಳೆಯ ವಿಂಪಿ ಕಡೆಗೂ ಒಂದು ಕಣ್ಣಿಡಿ. ಮಾಂಸ ಅರೆಯುವ ಯಂತ್ರ ಹಿಡಿದು ಬಾತುಕೋಳಿಯ ಹಿಂದೆ ಅಲೆಯುತ್ತಿರುತ್ತಾನೆ. ಅವನಿಗೆ ಪಾಪಾಯ್ ಗೆದ್ದರೂ ಒಂದೇ, ಸಿಂದಬಾದ್ ಗೆದ್ದರೂ ಒಂದೇ.

ದೀಪ ಆರಿಸಿ. ಹಿಂದಿನ ಸಾಲಿನವರು ಮುಂದೆ ಬನ್ನಿ, ಇಲ್ಲಿ ಸೀಟು ಖಾಲಿ ಇವೆ.