ನೀಲಿ ಹೊಗೆ ಬರುವ ಹೊತ್ತು

[ದೃಶ್ಯ: ಮುಂಜಾನೆ. ಮನೆ ಮುಂದೆ ಹಳೆಯ ಕಾರು ಸ್ಟಾರ್ಟ್ ಆಗುತ್ತದೆ. ಸೈಲೆನ್ಸರ್‌ನಿಂದ ನೀಲಿ ಹೊಗೆ.]

ನೋಡಿದಿರಲ್ಲ? ಇದು ನನ್ನದೇ ಕಾರು, 1998ರದು. ಈ ಹೊಗೆಯನ್ನು ಕಂಡ ಮೆಕ್ಯಾನಿಕ್ ಒಬ್ಬರು ಬಾನೆಟ್ ಕೂಡ ಎತ್ತದೆ, "ರಿಂಗ್ ಹೋಗಿದೆ ಸರ್, ಎಂಜಿನ್ ಇಳಿಸಿ ಬೋರ್ ಮಾಡಿಸಬೇಕು" ಎಂದುಬಿಟ್ಟರು. ರಿಂಗ್ ಎಂದರೆ ಸಿಲಿಂಡರಿನಲ್ಲಿ ಮೇಲೆ ಕೆಳಗೆ ಓಡುವ ಪಿಸ್ಟನ್ನಿನ ಸುತ್ತ ಕೂರುವ ಬಳೆ. ಬೋರ್ ಎಂದರೆ ಸಿಲಿಂಡರಿನ ಒಳಗೋಡೆ, ಅದನ್ನು ಕೊರೆದು ಸರಿಪಡಿಸುವುದೇ ಬೋರ್ ಮಾಡಿಸುವುದು. ನನ್ನ ಕಾರಿನ ರಿಂಗ್ ಸರಿಯಾಗಿಯೇ ಇತ್ತು. ಹೋಗಿದ್ದದ್ದು ವಾಲ್ವ್ ಗೈಡಿನ, ಅಂದರೆ ಸಿಲಿಂಡರಿನ ಬಾಗಿಲಾದ ವಾಲ್ವ್ ಓಡಾಡುವ ಕೊಳವೆಯ, ತಲೆಗೆ ಟೋಪಿಯಂತೆ ಕೂರುವ ಪುಟ್ಟ ರಬ್ಬರ್ ಸೀಲುಗಳು.

ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ ಎಂದು ನಿಮಗೂ ಗೊತ್ತು. ಕಪ್ಪಾದರೆ ಪೆಟ್ರೋಲ್ ಅತಿಯಾಗಿ ಹೋಗುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ, ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಅಡಿಯ ಪಟ್ಟಿಯ ಮೇಲೆ, ಅನುಮಾನ. ಚಳಿಗಾಲದ ಬೆಳಗಿನ ಬಿಳಿ ಹೊಗೆ ಬರೀ ನೀರಾವಿ, ಹೆದರಬೇಡಿ. ಆದರೆ ಬಣ್ಣದಿಂದ ತಿಳಿಯುವುದು ಏನು ಉರಿಯುತ್ತಿದೆ ಎಂಬುದಷ್ಟೇ. ಅದು ಎಲ್ಲಿಂದ ಒಳನುಗ್ಗುತ್ತಿದೆ ಎಂದು ತಿಳಿಯಬೇಕಾದರೆ ಹೊಗೆ ಬರುವ ಹೊತ್ತನ್ನು ಗಮನಿಸಬೇಕು.

ರಾತ್ರಿಯಿಡೀ ನಿಂತ ಕಾರಿನ ಹೆಡ್‌ನಲ್ಲಿ ಉಳಿದ ಆಯಿಲ್, ಸವೆದ ಸೀಲಿನ ಸಂದಿಯಲ್ಲಿ ತೊಟ್ಟು ತೊಟ್ಟಾಗಿ ಸಿಲಿಂಡರಿಗೆ ಇಳಿದಿರುತ್ತದೆ. ಬೆಳಿಗ್ಗೆ ಒಮ್ಮೆ ಭುಸ್ಸೆಂದು ಹೊಗೆ ಬಂದು, ಆಮೇಲೆ ನಿಲ್ಲುತ್ತದೆ.

[ದೃಶ್ಯ: ಘಾಟಿ ರಸ್ತೆ, ಹಿಂದಿನ ಕಾರಿನಿಂದ ತೆಗೆದದ್ದು.]

ಎರಡನೆಯ ಪರೀಕ್ಷೆಗೆ ಇಳಿಜಾರು ಬೇಕು. ನಾನು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯಲ್ಲಿ ಇಳಿದೆ. ನಿಮ್ಮೂರಿನ ಯಾವ ಇಳಿಜಾರಾದರೂ ಸಾಕು. ಗೇರಿನಲ್ಲಿಯೇ, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿಯಿರಿ. ಆಗ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್ ಮುಚ್ಚಿರುವುದರಿಂದ, ಗಾಳಿಯ ದಾರಿಯಾದ ಇನ್‌ಟೇಕ್‌ನಲ್ಲಿ ಬಲವಾದ ನಿರ್ವಾತ ಉಂಟಾಗಿ, ಸೀಲಿನ ಸಂದಿಯಿಂದ ಆಯಿಲನ್ನು ಹೀರುತ್ತದೆ. ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದೊಡನೆ ಹಿಂದೆ ನೀಲಿ ಮೋಡ ಎದ್ದರೆ ಅನುಮಾನ ಸೀಲು ಅಥವಾ ಗೈಡಿನ ಮೇಲೆಯೇ. ಹಾಗಲ್ಲದೆ ಏರು ಹತ್ತುವಾಗ, ಭಾರ ಎಳೆಯುವಾಗ ಹೊಗೆ ಬಿಡದೆ ಬರುತ್ತಿದ್ದರೆ ಮಾತ್ರ ರಿಂಗಿನ ಕಡೆ ನೋಡಿ.

ಅನುಮಾನವನ್ನು ಅಳೆದು ಖಚಿತ ಮಾಡಿಕೊಳ್ಳಲು ಕಂಪ್ರೆಷನ್ ಗೇಜ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ತೋರಿಸುವ ಮಾಪಕ, ಇದೆ. ಎಂಜಿನ್ ಬಿಸಿ ಇರಬೇಕು. ಇಗ್ನಿಷನ್ ಮತ್ತು ಪೆಟ್ರೋಲ್ ಬಂದ್ ಆಗಿರಬೇಕು. ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಮಾರುತಿ 800ರಂಥ ಕಾರಾದರೆ ಮೂರೇ ಮೂರು, ಗೇಜನ್ನು ಒಂದೊಂದೇ ಪ್ಲಗ್ ತೂತಿಗೆ ಕೂರಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಒಂದು ಸಿಲಿಂಡರ್ ಉಳಿದವುಗಳಿಗಿಂತ ಬಹಳ ಕಡಿಮೆ ತೋರಿಸಿದರೆ, ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಆಯಿಲ್ ಸವೆದ ರಿಂಗಿನ ಸಂದಿಯನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ, ಹಾಗಾಗಿ ಮುಳ್ಳು ಮೇಲೇರಿದರೆ ದೋಷ ರಿಂಗಿನದು ಅಥವಾ ಬೋರಿನದು. ಕದಲದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಇಲ್ಲವೇ ಗ್ಯಾಸ್ಕೆಟ್ ಹೋಗಿದೆ. ಎಲ್ಲ ಸಿಲಿಂಡರಿನಲ್ಲೂ ಕಂಪ್ರೆಷನ್ ಚೆನ್ನಾಗಿದ್ದೂ ಬೆಳಿಗ್ಗೆ ಹೊಗೆ ಬರುತ್ತಿದೆಯೇ? ನನ್ನದು ಅದೇ ಕಥೆ.

ಇಷ್ಟಕ್ಕೂ ಮುಂಚೆ ಪಿಸಿವಿ ವಾಲ್ವ್ ನೋಡಿ. ಎಂಜಿನ್ನಿನ ಒಳಗಿನ ಅನಿಲ ಹೊರಹೋಗುವ ದಾರಿ ಅದು. ಕೆಟ್ಟರೆ ಒಳ್ಳೆಯ ಎಂಜಿನ್ ಕೂಡ ಆಯಿಲ್ ಕುಡಿಯುತ್ತದೆ. ಕಾರಿನ ಕೆಳಗೆ ಒಂದು ರಟ್ಟನ್ನೂ ಹಾಸಿಡಿ. ಬೆಳಿಗ್ಗೆ ರಟ್ಟಿನ ಮೇಲೆ ಕಲೆ ಇದ್ದರೆ ಆಯಿಲ್ ಸೋರುತ್ತಲೂ ಇದೆ.

ಹೊಗೆ ನಿಲ್ಲಿಸುತ್ತೇವೆಂದು ಮಾರುವ ದಪ್ಪ ದ್ರಾವಣದ ಡಬ್ಬಿಗಳ ಬಗ್ಗೆ ಕೇಳುತ್ತೀರಿ. ಅವು ಹೆಚ್ಚು ಉಪಯೋಗಕ್ಕೆ ಬರುವುದು ಕಾರು ಮಾರುವವರಿಗೆ. ಹಳೆಯ ಕಾರು ಕೊಳ್ಳುವುದಾದರೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ನೀವೇ ಸ್ಟಾರ್ಟ್ ಮಾಡಿ.

[ದೃಶ್ಯ: ಸಮತಟ್ಟಾದ ನೆಲದಲ್ಲಿ ಕಾರು. ಡಿಪ್ ಸ್ಟಿಕ್ ಒರೆಸಿ, ಮತ್ತೆ ಅದ್ದಿ ತೆಗೆಯುವುದು.]

ಸೀಲು ಬದಲಿಸಿದ ಮೇಲೆ ಕಿಲೋಮೀಟರ್ ಮತ್ತು ಆಯಿಲ್ ಲೆಕ್ಕವನ್ನು ಡೈರಿಯಲ್ಲಿ ಬರೆಯುತ್ತಿದ್ದೇನೆ. ಕಳೆದ 1,000 ಕಿ.ಮೀ.ಗೆ ಕಾಲು ಲೀಟರ್ ಕುಡಿದಿದೆ. ಈ ವಯಸ್ಸಿಗೆ ಅಷ್ಟು ಕುಡಿದರೆ ನನ್ನ ಅಡ್ಡಿಯಿಲ್ಲ.