20 ನಿಮಿಷ, ಅದಕ್ಕಿಂತ ಜಾಸ್ತಿ ಬೇಡ

ಅವತ್ತು ನನ್ನ ಮುಂದೆ ಒಂದು ಮೇಲ್ ತೆರೆದುಕೊಂಡು ಕೂತಿತ್ತು. ನಾನು ಕೊಡಬೇಕಿದ್ದ ಉತ್ತರ ಮೂರೇ ಪದ. "ನೋಡಿದೆ, ಸರಿ ಇದೆ." ಅಷ್ಟೇ. 20 ವರ್ಷದಲ್ಲಿ ಇಂಥ ಉತ್ತರ ಎಷ್ಟು ಸಾವಿರ ಬರೆದಿದ್ದೇನೋ ಲೆಕ್ಕವಿಲ್ಲ. ಅವತ್ತು ಮಾತ್ರ ಕೈ ಓಡಲಿಲ್ಲ. ಸ್ಕ್ರೀನ್ ಮಬ್ಬಾಗುತ್ತಿತ್ತು, ಮೌಸ್ ಅಲುಗಿಸುತ್ತಿದ್ದೆ, ಬೆಳಕು ಬರುತ್ತಿತ್ತು, ಮತ್ತೆ ಮಬ್ಬಾಗುತ್ತಿತ್ತು. ಹೀಗೇ 40 ನಿಮಿಷ ಕಳೆಯಿತು. ಆಗ ನನಗೆ 46 ವರ್ಷ.

ಈ 40 ನಿಮಿಷ ಎಂಥದ್ದು ಅಂತ ನಿಮ್ಮಲ್ಲಿ ಕೆಲವರಿಗೆ ಚೆನ್ನಾಗಿ ಗೊತ್ತು. ಇವತ್ತು ನಾನು ಮಾತಾಡುತ್ತಿರುವುದು ನಿಮ್ಮ ಜೊತೆಗೇ.

ಮೊದಲು ಇದು ಸೋಮಾರಿತನ ಅಂದುಕೊಂಡೆ. ಆಮೇಲೆ ವಯಸ್ಸಾಯಿತು ಅಂದುಕೊಂಡೆ. ಒಂದು ವಾರ ರಜೆ ಹಾಕಿ ಚೆನ್ನಾಗಿ ನಿದ್ದೆ ಮಾಡಿದೆ. ವಾಪಸ್ ಹೋದ ಸೋಮವಾರ ಮಧ್ಯಾಹ್ನದ ಹೊತ್ತಿಗೆ, ರಜೆಯನ್ನೇ ಹಾಕಿರಲಿಲ್ಲವೇನೋ ಅನ್ನುವ ಹಾಗಾಗಿತ್ತು. ಅದೇ ಭಾರ, ಅದೇ ಬೇಸರ. ಪಕ್ಕದಲ್ಲಿ ಕೂರುವ ಹುಡುಗಿ ಹೊಸ ಐಡಿಯಾ ಹೇಳಲು ಬಂದರೆ, "ಇದರಿಂದ ಏನಾಗಬೇಕಿದೆ" ಅಂತ ಒಳಗೇ ಅನಿಸುತ್ತಿತ್ತು. ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಅದು. ದಣಿವಿಗಿಂತ ಜಾಸ್ತಿ, ಆ ಕಹಿ.

ಇದಕ್ಕೆ ಬರ್ನ್‌ಔಟ್ ಅನ್ನುತ್ತಾರೆ. ಈ ಮಾತನ್ನು ಮೊದಲು ಗಂಭೀರವಾಗಿ ಬರೆದವರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ಒಬ್ಬರು. 1974ರಲ್ಲಿ ಬರೆದರು. ನ್ಯೂಯಾರ್ಕ್‌ನ ಒಂದು ಉಚಿತ ಕ್ಲಿನಿಕ್‌ನಲ್ಲಿ ದುಡಿಯುತ್ತಿದ್ದವರನ್ನು ನೋಡಿ ಬರೆದರು, ಸ್ವತಃ ಅನುಭವಿಸಿಯೂ ಬರೆದರು. ಅವರು ಕಂಡುಕೊಂಡ ಒಂದು ವಿಷಯ ನನ್ನನ್ನು ಈಗಲೂ ತಟ್ಟುತ್ತದೆ. ಹೀಗೆ ಬತ್ತಿ ಹೋಗುವವರು ಕೆಲಸಗಳ್ಳರಲ್ಲ. ಮನಸ್ಸಿಟ್ಟು, ಮೈಮುರಿದು ದುಡಿಯುವವರೇ ಮೊದಲು ಬತ್ತುತ್ತಾರೆ. ಸೋಮಾರಿತನ ಅಂತ ನಿಮ್ಮನ್ನು ನೀವೇ ಬೈದುಕೊಳ್ಳುತ್ತಿದ್ದರೆ, ದಯವಿಟ್ಟು ಇಲ್ಲಿಗೆ ನಿಲ್ಲಿಸಿ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೆ ವಿವರಣೆ ಕೊಟ್ಟಿತು. ಮೂರು ಲಕ್ಷಣ ಹೇಳಿತು: ಶಕ್ತಿಯೆಲ್ಲ ಸೋರಿಹೋದ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಕಹಿ ಬೆಳೆಯುವುದು, ಕೈಯಲ್ಲಿ ಏನೂ ಆಗುತ್ತಿಲ್ಲ ಅನಿಸುವುದು. ಮತ್ತೆ ಇದನ್ನು ಕಾಯಿಲೆ ಅಂತ ಕರೆಯಲಿಲ್ಲ, ಕೆಲಸದ ಜಾಗಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ಕರೆಯಿತು. ಅಂದರೆ ಬೇರು ಕೆಲಸದಲ್ಲಿದೆ, ನಿಮ್ಮ ಗುಣದಲ್ಲಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಡುವಯಸ್ಸಿನ ದಣಿವೆಲ್ಲ ಬರ್ನ್‌ಔಟ್ ಆಗಿರಬೇಕಿಲ್ಲ. ಥೈರಾಯ್ಡ್ ತೊಂದರೆ, ರಕ್ತಹೀನತೆ, ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟುವುದು, ಹೆಂಗಸರಿಗೆ ಮುಟ್ಟು ನಿಲ್ಲುವ ಹೊತ್ತಿನ ಏರುಪೇರು, ಇವೆಲ್ಲ ಇದೇ ರೀತಿ ಕಾಣಿಸಬಹುದು. ಖಿನ್ನತೆಯೂ ಅಷ್ಟೇ. ಕೆಲಸದಲ್ಲಿ ಮಾತ್ರವಲ್ಲ, ಮನೆಯಲ್ಲೂ, ಇಷ್ಟದವರ ಜೊತೆಗಿದ್ದಾಗಲೂ ಏನೂ ಬೇಡ ಅನಿಸುತ್ತಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ಬದುಕೇ ಸಾಕು ಅನಿಸಿದರೆ ಇವತ್ತೇ ಯಾರಿಗಾದರೂ ಹೇಳಿ. ಅದಾದ ಮೇಲೆ ನನ್ನ ಮಾತು ಕೇಳಿದರಾಯಿತು.

ಈಗ ಗುರಿಯ ವಿಷಯಕ್ಕೆ ಬರ್ತೀನಿ. ನನಗೆ ಬಹಳ ಜನ ಹೇಳಿದ್ದು ಒಂದೇ: "ದೊಡ್ಡ ಗುರಿ ಇಟ್ಟುಕೋ, ಹುಮ್ಮಸ್ಸು ತಾನಾಗೇ ಬರುತ್ತೆ." ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನೂ ನಂಬಿದೆ. ಹೊಸ ನೋಟ್‌ಬುಕ್ ತಂದು ಮೊದಲ ಪುಟದಲ್ಲಿ ಒಂಬತ್ತು ಗುರಿ ಬರೆದೆ. ಹೊಸ ಕೋರ್ಸ್, ಓಟ, ಹೊಸ ಭಾಷೆ, ಹೀಗೆ. ಮೂರನೇ ವಾರ ಆ ಪುಸ್ತಕ ಕಣ್ಣಿಗೆ ಬಿದ್ದರೂ ಎದೆ ಭಾರವಾಗುತ್ತಿತ್ತು. ಅದೂ ಇನ್ನೊಂದು ಆಫೀಸ್ ಆಗಿಬಿಟ್ಟಿತ್ತು.

ಇದಕ್ಕೆ ಕಾರಣ ಆಮೇಲೆ ಅರ್ಥವಾಯಿತು. ಎಡ್ವಿನ್ ಲಾಕ್ ಎಂಬ ಸಂಶೋಧಕರು 1968ರಿಂದಲೂ ಗುರಿಗಳ ಬಗ್ಗೆ ಬರೆದರು, ಆಮೇಲೆ ಗ್ಯಾರಿ ಲೇಥಮ್ ಜೊತೆಗೂಡಿದರು. ಸ್ಪಷ್ಟವಾದ, ಸ್ವಲ್ಪ ಕಷ್ಟದ ಗುರಿ ಇದ್ದರೆ ಜನ ಚೆನ್ನಾಗಿ ಕೆಲಸ ಮಾಡುತ್ತಾರೆ ಅಂತ ತೋರಿಸಿದರು. ಅದು ನಿಜ. ಆದರೆ ಅದಕ್ಕೆ ಷರತ್ತುಗಳಿವೆ. ಮಾಡುವ ಶಕ್ತಿ ಇರಬೇಕು, ಆ ಗುರಿ ತನ್ನದು ಅನ್ನುವ ಭಾವ ಇರಬೇಕು. ಬತ್ತಿಹೋದವನ ಹತ್ತಿರ ಇಲ್ಲದೇ ಇರುವುದು ಇವೆರಡೇ ಅಲ್ವಾ? ಒಣಗಿದ ಬಾವಿಗೆ ಉದ್ದದ ಹಗ್ಗ ಬಿಟ್ಟು ಏನು ಪ್ರಯೋಜನ?

ಹುಮ್ಮಸ್ಸು ಬರಲಿ, ಆಮೇಲೆ ಶುರು ಮಾಡೋಣ ಅಂತ ಕಾಯುವುದೂ ಕೆಲಸಕ್ಕೆ ಬರಲಿಲ್ಲ. ಖಿನ್ನತೆಗೆ ಕೊಡುವ ಚಿಕಿತ್ಸೆಗಳಲ್ಲಿ ಒಂದು ಇದೆ. ಅಲ್ಲಿ ಮನಸ್ಸು ಸರಿಹೋಗಲಿ ಅಂತ ಕಾಯುವುದಿಲ್ಲ. ಮೊದಲು ಸಣ್ಣದೊಂದು ಕೆಲಸಕ್ಕೆ ಕೈ ಹಾಕಿಸುತ್ತಾರೆ, ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತದೆ. ನನ್ನ ವಿಷಯದಲ್ಲೂ ಹಾಗೇ ಆಯಿತು, ಆದರೆ ಒಂದು ಪೆಟ್ಟು ತಿಂದ ಮೇಲೆ.

ಮನೆಯಲ್ಲಿ ಒಂದು ಹಳೆಯ ಮರದ ಸ್ಟೂಲ್ ಇತ್ತು. ಮೇಲಿನ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿತ್ತು, ಒಂದು ಕಾಲು ಅಲ್ಲಾಡುತ್ತಿತ್ತು. ಒಂದು ಸಂಜೆ ಸುಮ್ನೆ ಸ್ಯಾಂಡ್ ಪೇಪರ್ ತಗೊಂಡು ಉಜ್ಜಲು ಕೂತೆ. ಹಸಿರು ಬಣ್ಣ ಹೋಯಿತು, ಅದರಡಿ ನೀಲಿ ಬಂತು, ಅದರಡಿ ಮರ. ಬೆರಳಿಟ್ಟು ನೋಡಿದರೆ ನುಣುಪು. ಎಷ್ಟೋ ತಿಂಗಳ ಮೇಲೆ "ಇಷ್ಟು ಮಾಡಿದೆ" ಅಂತ ಕಣ್ಣಾರೆ ಕಂಡೆ. ಖುಷಿಯಾಯಿತು. ಖುಷಿಯಲ್ಲಿ ನಿಲ್ಲಿಸಲೇ ಇಲ್ಲ. ಮೂರು ಗಂಟೆ ಉಜ್ಜಿದೆ. ಆಮೇಲೆ ನಾಲ್ಕು ದಿನ ಯಾವುದಕ್ಕೂ ಏಳಲಾಗಲಿಲ್ಲ, ಸ್ಟೂಲ್ ಕಡೆ ತಿರುಗಿಯೂ ನೋಡಲಿಲ್ಲ.

ನನಗೆ ಕಣ್ಣು ತೆರೆದದ್ದು ಆಗ. ಕಡಿಮೆ ಕೆಲಸ ಮಾಡುವುದು ನಮ್ಮಂಥವರ ತೊಂದರೆಯಲ್ಲ. ಒಂದು ಒಳ್ಳೆಯ ದಿನ ಸಿಕ್ಕರೆ ಸಾಕು, ಇಡೀ ವಾರದ್ದನ್ನು ಅದರ ಮೇಲೆ ಹೇರುತ್ತೇವೆ. ನಮ್ಮನ್ನು ಸುಟ್ಟ ಅಭ್ಯಾಸವೂ ಅದೇ. ಎಲ್ಲರೂ ಗುರಿಗೆ "ಕನಿಷ್ಠ ಇಷ್ಟು" ಅಂತ ಇಡುತ್ತಾರೆ. ನಾವು "ಇದಕ್ಕಿಂತ ಜಾಸ್ತಿ ಇಲ್ಲ" ಅಂತ ಇಡಬೇಕು ಅನ್ನುವುದು ನನ್ನ ಅಭಿಪ್ರಾಯ. 20 ನಿಮಿಷದ ಅಲಾರಂ ಇಟ್ಟೆ. ಬಾರಿಸಿದಾಗ ಏಳಲೇಬೇಕು, ಕೈಯಲ್ಲಿ ಕೆಲಸ ಅರ್ಧ ಇದ್ದರೂ. ಮೊದಲ ದಿನಗಳಲ್ಲಿ ಅದೇ ಕಷ್ಟ ಆಯಿತು. ಎರಡನೇ ವಾರದ ಹೊತ್ತಿಗೆ ಒಂದು ಬದಲಾವಣೆ ಕಂಡೆ. ಮಧ್ಯಾಹ್ನವೇ ಆ ಸ್ಟೂಲಿನ ನೆನಪು ಬರುತ್ತಿತ್ತು. ಸಂಜೆ ಯಾವಾಗ ಆಗುತ್ತೋ ಅನಿಸುತ್ತಿತ್ತು. ನಾನು ಕಳೆದುಕೊಂಡಿದ್ದ ಹುಮ್ಮಸ್ಸು ಅದೇ. ಕೊನೆಯ ಹನಿ ತನಕ ಹಿಂಡದೇ ಬಿಟ್ಟಿದ್ದಕ್ಕೆ ಉಳಿದುಕೊಂಡಿತ್ತು.

ಯಾವಾಗ, ಎಲ್ಲಿ ಅನ್ನುವುದನ್ನೂ ಮೊದಲೇ ತೀರ್ಮಾನ ಮಾಡಿಕೊಳ್ಳಿ. "ಬಟ್ಟೆ ಬದಲಿಸಿದ ಕೂಡಲೇ ಸ್ಟೂಲ್ ಹತ್ತಿರ ಕೂರುತ್ತೇನೆ" ಅಂತ. ಪೀಟರ್ ಗಾಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಇದರ ಬಗ್ಗೆ ಬರೆದರು: ಇದಾದರೆ ಅದು ಮಾಡುತ್ತೇನೆ ಅನ್ನುವ ಯೋಜನೆ, ಬರೀ ಆಸೆಗಿಂತ ಚೆನ್ನಾಗಿ ನಡೆಯುತ್ತದೆ ಅಂತ. ದಣಿದ ತಲೆಗೆ ಪ್ರತಿ ಸಂಜೆ ಹೊಸದಾಗಿ ತೀರ್ಮಾನ ಮಾಡುವ ಶಕ್ತಿ ಇರುವುದಿಲ್ಲ, ಅದಕ್ಕೆ.

ಇಷ್ಟರಿಂದ ಎಲ್ಲ ಸರಿಹೋಗುತ್ತೆ ಅಂತ ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ. ಸಂಜೆ 20 ನಿಮಿಷ ತುಂಬಿಸಿ, ಹಗಲು ಹತ್ತು ಗಂಟೆ ಸೋರಿದರೆ ಏನು ಉಳಿಯುತ್ತೆ? ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಮೈಕೆಲ್ ಲೀಟರ್ ಈ ವಿಷಯದಲ್ಲಿ ತುಂಬ ಕೆಲಸ ಮಾಡಿದವರು. ಸುಡುವ ಕಡೆಗಳು ಆರು ಅನ್ನುತ್ತಾರೆ ಅವರು. ಕೆಲಸದ ಹೊರೆ, ಕೈಯಲ್ಲಿರುವ ಹಿಡಿತ, ಸಿಗುವ ಮನ್ನಣೆ, ಜೊತೆಯವರು, ನ್ಯಾಯ, ನಂಬಿದ ಮೌಲ್ಯ. ನಾವೆಲ್ಲ ಹೊರೆಯೊಂದನ್ನೇ ನೋಡುತ್ತೇವೆ. ನಾನು ಕೂತು ಯೋಚಿಸಿದಾಗ ನನ್ನದು ಹೊರೆಯಾಗಿರಲಿಲ್ಲ, ಹಿಡಿತವಾಗಿತ್ತು. ನನ್ನ ದಿನದ ಒಂದು ಗಂಟೆಯೂ ನನ್ನ ಮಾತು ಕೇಳುತ್ತಿರಲಿಲ್ಲ. ಯಾರು ಬೇಕಾದರೂ ಯಾವಾಗ ಬೇಕಾದರೂ ಮೀಟಿಂಗ್ ಇಡಬಹುದಿತ್ತು. ರಜೆಯಿಂದ ಇದು ಹೇಗೆ ಸರಿಯಾಗುತ್ತೆ ಹೇಳಿ?

ಹಾಗಂತ "ಎಲ್ಲ ಬಿಟ್ಟು ಹೊಸ ಬದುಕು ಶುರು ಮಾಡಿ" ಅನ್ನುವ ಸಲಹೆ ನನಗೆ ಒಪ್ಪಿಗೆಯಿಲ್ಲ. ಈ ವಯಸ್ಸಿನಲ್ಲಿ ನಮ್ಮ ಹೆಗಲ ಮೇಲೆ ಮಕ್ಕಳಿದ್ದಾರೆ, ವಯಸ್ಸಾದ ತಂದೆತಾಯಿ ಇದ್ದಾರೆ, ಸಾಲವಿದೆ. ಅಲ್ಲದೆ ಸುಟ್ಟ ಮನಸ್ಸಿಗೆ ಎಲ್ಲವೂ ಕೆಟ್ಟದ್ದಾಗಿ ಕಾಣುತ್ತದೆ. ಆ ಕಣ್ಣಿನಿಂದ ದೊಡ್ಡ ತೀರ್ಮಾನ ಬೇಡ. ಕೆಲವರಿಗೆ ಕೆಲಸ ಬಿಡುವುದೇ ಸರಿ, ಅದು ನಿಜ. ಅವಮಾನ ಮಾಡುವ ಜಾಗದಲ್ಲಿ, ಮೈಗೆ ಅಪಾಯವಿರುವ ಜಾಗದಲ್ಲಿ ಇರಬೇಡಿ. ಉಳಿದವರು ಮೊದಲು ಒಂದು ಸಣ್ಣ ಬದಲಾವಣೆ ಕೇಳಿ ನೋಡಿ. "ತುಂಬಾ ಕಷ್ಟ ಆಗ್ತಿದೆ" ಅಂದರೆ ಎದುರಿನವರಿಗೆ ಏನು ಮಾಡಬೇಕೋ ತಿಳಿಯುವುದಿಲ್ಲ. ನಾನು ಹೇಳಿದ್ದು ಇಷ್ಟು: "ಸರ್, ಮಂಗಳವಾರ, ಗುರುವಾರ ಬೆಳಿಗ್ಗೆ ಹನ್ನೊಂದರ ತನಕ ನನಗೆ ಮೀಟಿಂಗ್ ಬೇಡ. ಒಂದು ತಿಂಗಳು ನೋಡೋಣ." ಕೇಳುವ ಮುಂಚೆ ಬಾಯಿ ಒಣಗಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಂಗಳವಾರಕ್ಕೆ ಒಪ್ಪಿದರು.

ಗುರುವಾರ ಇನ್ನೂ ಸಿಕ್ಕಿಲ್ಲ. ಮುಂದಿನ ತಿಂಗಳು ಮತ್ತೆ ಕೇಳುತ್ತೇನೆ. ಮಂಗಳವಾರದ ಆ ಎರಡು ಗಂಟೆಯಲ್ಲಿ ನನಗೆ ಇಷ್ಟವಾದ ಕೆಲಸವನ್ನೇ ಮಾಡುತ್ತೇನೆ, ಬಾಗಿಲು ಹಾಕಿಕೊಂಡು, ಫೋನ್ ದೂರ ಇಟ್ಟು. ಕಳೆದ ವಾರ ಪಕ್ಕದ ಹುಡುಗಿ ಮತ್ತೆ ಒಂದು ಐಡಿಯಾ ತಂದಳು. ಕುರ್ಚಿ ಎಳೆದು ಕೊಟ್ಟೆ. "ಕೂತ್ಕೋ, ಮೊದಲಿಂದ ಹೇಳು" ಅಂದೆ.